ವೆನಿಸ್‌ಗೆ ಒಂದು ರಾತ್ರಿ ಕೊಡಿ: ಯುರೋಪ್ ಪ್ರವಾಸ ಏರ್ಪಡಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಯುರೋಪ್ ಪ್ರವಾಸಕ್ಕೆಂದು ನೀವು ಅಚ್ಚು ಹಾಕಿಸುವ ಕರಪತ್ರಗಳನ್ನು ಒಂದಕ್ಷರವೂ ಬಿಡದೆ ಓದುವವಳು ನಾನು. ಹೆಚ್ಚುಕಡಿಮೆ ಎಲ್ಲದರ ಮುಖಪುಟದಲ್ಲೂ ಗೊಂಡೊಲ ಇರುತ್ತದೆ. ಪುಟ ತಿರುವಿದರೆ ಆ ಗೊಂಡೊಲದ ಊರಿಗೆ ಸಿಕ್ಕಿರುವುದು ಅರ್ಧ ದಿನ. ಬೆಳಿಗ್ಗೆ ಪಕ್ಕದ ಊರಾದ ಪಾದುವಾದ ಹೋಟೆಲಿನಿಂದ ಹೊರಟು, ಬಸ್ಸು ನಿಲ್ಲುವ ತ್ರೊಂಕೆತ್ತೊ ಎಂಬ ದ್ವೀಪಕ್ಕೆ ಬಂದು, ದೋಣಿಯಲ್ಲಿ ಸಾನ್ ಮಾರ್ಕೊ ಚೌಕದ ಹತ್ತಿರ ಇಳಿದು, ಗಾಜಿನ ಮಳಿಗೆಯೊಂದರಲ್ಲಿ ಕುದುರೆ ಬೊಂಬೆ ಮಾಡುವುದನ್ನು ನೋಡಿ, ಚಪ್ಪಾಳೆ ತಟ್ಟಿ, ಗೊಂಡೊಲದಲ್ಲಿ ಒಂದು ಸುತ್ತು ಹಾಕಿ, ಭಾರತೀಯ ಊಟ ಮುಗಿಸಿ ಸಂಜೆಯೊಳಗೆ ಮತ್ತೆ ಬಸ್ಸು ಹತ್ತಿದರೆ ವೆನಿಸ್ ಮುಗಿಯಿತು. ಮರುದಿನ ಹಿಮಪರ್ವತ.

ನನ್ನ ಬೇಡಿಕೆ ಚಿಕ್ಕದು. ಮುಂದಿನ ವರ್ಷದಿಂದ ವೆನಿಸ್‌ಗೆ ಒಂದು ರಾತ್ರಿಯನ್ನೂ ಮರುದಿನದ ಒಂದು ಬೆಳಗನ್ನೂ ಕೊಡಿ. ಆ ಬೆಳಗಿಗೆ ಯಾವ ಕಾರ್ಯಕ್ರಮವನ್ನೂ ಇಡಬೇಡಿ.

ಇಂಥ ಒಂದು ಗುಂಪಿನಲ್ಲಿ ನಾನೂ ಹೋಗಿದ್ದೆ. ಎತ್ತಿ ಹಿಡಿದ ಕೊಡೆಯ ಹಿಂದೆ ಬಸ್ಸಿನಷ್ಟೂ ಜನ ಓಡುನಡಿಗೆಯಲ್ಲಿ ಹೋಗುತ್ತಿದ್ದೆವು. ನಮ್ಮ ಜೊತೆಯಲ್ಲಿದ್ದ ನಿವೃತ್ತ ಮೇಷ್ಟರೊಬ್ಬರು ಚೌಕದ ನಡುವೆ ನಿಂತುಬಿಟ್ಟು, "ಅರಮನೆ, ಚರ್ಚು ಎಲ್ಲ ಸರಿ. ಇಲ್ಲಿ ಯಾರಾದರೂ ಸಂಸಾರ ಮಾಡಿಕೊಂಡು ಇದ್ದಾರೆಯೇ? ಸುತ್ತಲೂ ಉಪ್ಪುನೀರು, ಇವರು ಕುಡಿಯಲು ಏನು ಮಾಡುತ್ತಿದ್ದರು?" ಎಂದು ಕೇಳಿದರು. ಗೈಡ್ ಗಡಿಯಾರ ನೋಡಿಕೊಂಡ. ಗೊಂಡೊಲದ ಸರದಿಗೆ ತಡವಾಗುತ್ತಿತ್ತು. ಮೇಷ್ಟರ ಪ್ರಶ್ನೆಗಳಿಗೆ ಉತ್ತರ ನನಗೆ ಸಿಕ್ಕಿದ್ದು ಕೆಲವು ವರ್ಷಗಳ ಮೇಲೆ, ಊರಿನ ಉತ್ತರ ಭಾಗದ ಕನ್ನರೇಜೊದಲ್ಲಿ ಕೋಣೆ ಹಿಡಿದು ಉಳಿದಾಗ. ಉತ್ತರಗಳೆಲ್ಲ ಬೀದಿಯಲ್ಲೇ ಬಿದ್ದಿದ್ದವು. ನೋಡಲು ಬೇಕಾದದ್ದು ಹೊತ್ತು ಮಾತ್ರ.

ಮೊದಲು ಸಂಸಾರದ ವಿಚಾರ. ರಿಯಾಲ್ಟೊ ಸೇತುವೆಯ ಪಕ್ಕದಲ್ಲಿ ಸಾನ್ ಬಾರ್ತೊಲೊಮೆಯೊ ಎಂಬ ಚಿಕ್ಕ ಚೌಕವಿದೆ. ಅಲ್ಲಿನ ಔಷಧಿ ಅಂಗಡಿಯ ಗಾಜಿನ ಕಿಟಕಿಯಲ್ಲಿ 2008ರಲ್ಲಿ ಒಂದು ಅಂಕಿ ಫಲಕವನ್ನು ಇರಿಸಿದರು. ಅದು ಔಷಧಿಯ ಜಾಹೀರಾತಲ್ಲ, ದ್ವೀಪದ ಹಳೆಯ ಊರಿನಲ್ಲಿ ಉಳಿದಿರುವ ನಿವಾಸಿಗಳ ಲೆಕ್ಕ. 1951ರಲ್ಲಿ ಸುಮಾರು 1,75,000 ಜನ ಇದ್ದ ಕಡೆ 2022ರಲ್ಲಿ ಸಂಖ್ಯೆ 50,000ದ ಕೆಳಗೆ ಇಳಿಯಿತು. ಮರುವರ್ಷ, ಪ್ರವಾಸಿಗರಿಗೆಂದು ಬಾಡಿಗೆಗಿಟ್ಟ ಹಾಸಿಗೆಗಳ ಲೆಕ್ಕವೇ ನಿವಾಸಿಗಳ ಲೆಕ್ಕವನ್ನು ಮೀರಿತು. ಮೇಷ್ಟರಿಗೆ ಬಂದ ಅನುಮಾನ ಸುಮ್ಮನೆ ಬಂದದ್ದಲ್ಲ. ನಾವು ಕಾಲಿಡುವ ಹೊತ್ತಿಗೆ, ನಾವು ಕಾಲಿಡುವ ಕಡೆ, ಆ ಊರಿನವರು ಸುಳಿಯುವುದೇ ಇಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಸಾನ್ ಮಾರ್ಕೊದಿಂದ ರಿಯಾಲ್ಟೊವರೆಗಿನ ಓಣಿಗಳಲ್ಲಿ ಪ್ರವಾಸಿಗರು ಪ್ರವಾಸಿಗರನ್ನೇ ನೋಡುತ್ತಾರೆ. ನಿಮ್ಮ ಅರ್ಧ ದಿನ ಸರಿಯಾಗಿ ಆ ಹೊತ್ತಿನಲ್ಲೇ ಬೀಳುತ್ತದೆ.

ಬೆಳಿಗ್ಗೆ ಏಳಕ್ಕೆ ಎದ್ದು ಹೊರಬಿದ್ದರೆ ಕಾಣುವ ಊರೇ ಬೇರೆ. ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳನ್ನು ನಾನೂರಕ್ಕೂ ಹೆಚ್ಚು ಸೇತುವೆಗಳು ಹಿಡಿದುಕೊಂಡಿರುವ ಈ ಜಾಗದಲ್ಲಿ ಕಾರು, ಬೈಕುಗಳಿರಲಿ, ಸೈಕಲ್ಲಿಗೂ ಅನುಮತಿಯಿಲ್ಲ. ಹಾಲು, ತರಕಾರಿ, ಸಿಮೆಂಟು, ಹೋಟೆಲಿನ ಒಗೆದ ಬಟ್ಟೆಯ ಗಂಟು, ಬಟ್ಟೆ ಒಗೆಯುವ ಯಂತ್ರ, ಎಲ್ಲವೂ ದೋಣಿಯಲ್ಲಿ ಬರುತ್ತವೆ. ಆಂಬುಲೆನ್ಸು ದೋಣಿ, ಅಗ್ನಿಶಾಮಕ ದೋಣಿ, ಪೊಲೀಸರದೂ ದೋಣಿ. ಸತ್ತವರನ್ನು ಸಾನ್ ಮಿಕೇಲೆ ಎಂಬ ಸ್ಮಶಾನದ ದ್ವೀಪಕ್ಕೆ ಒಯ್ಯುವುದೂ ದೋಣಿಯಲ್ಲೇ.

ದಂಡೆಯಲ್ಲಿ ಇಳಿದ ಸಾಮಾನು ಅಂಗಡಿ ತಲುಪುವುದು ಕೈಗಾಡಿಯಲ್ಲಿ. ಆ ಗಾಡಿಯನ್ನು ಎದುರಿನ ಸೇತುವೆಯ ಮೇಲೆ ನಿಂತು ಎಷ್ಟೋ ಹೊತ್ತು ನೋಡಿದ್ದೇನೆ. ದೊಡ್ಡ ಗಾಲಿಗಳ ಮುಂದೆ ಚಾಚಿಕೊಂಡಂತೆ ಎರಡು ಸಣ್ಣ ಗಾಲಿಗಳಿರುತ್ತವೆ. ಮೆಟ್ಟಿಲು ಬಂದಾಗ ಸಣ್ಣ ಗಾಲಿಗಳು ಮೊದಲು ಮೇಲಿನ ಮೆಟ್ಟಿಲನ್ನು ಹಿಡಿದುಕೊಳ್ಳುತ್ತವೆ, ಅದರ ಆಸರೆಯಲ್ಲಿ ಆಳು ದೊಡ್ಡ ಗಾಲಿಗಳನ್ನು ಏರಿಸುತ್ತಾನೆ, ಮತ್ತೆ ಮುಂದಿನ ಮೆಟ್ಟಿಲು. ನೀರಿನ ಬಾಟಲಿಗಳ ಪೆಟ್ಟಿಗೆಗಳನ್ನು ಎದೆಯ ಮಟ್ಟ ಪೇರಿಸಿಕೊಂಡು ಹೀಗೆ ಸೇತುವೆ ಹತ್ತಿ ಇಳಿಯುವಾಗ ಅವನಿಗೆ ಬೇಕಾದದ್ದು ಒಂದೇ: ದಾರಿ. ಸೇತುವೆಯ ನೆತ್ತಿಯಲ್ಲಿ ಗುಂಪಾಗಿ ನಿಂತು ಸೆಲ್ಫಿ ತೆಗೆದುಕೊಳ್ಳುವ ನಾವು ಯಾರ ದುಡಿಮೆಗೆ ಅಡ್ಡ ನಿಂತಿದ್ದೇವೆ ಎಂಬುದು ಆ ಗಾಡಿಯನ್ನು ನೋಡಿದ ಮೇಲಷ್ಟೇ ತಿಳಿಯುತ್ತದೆ. ಕಸ ತೆಗೆಯುವವರೂ ಬೆಳಗಿನ ಹೊತ್ತಿನಲ್ಲೇ ಮನೆಮನೆಗೆ ಬಂದು ಚೀಲ ಪಡೆಯುತ್ತಾರೆ, ಗಾಡಿಯಲ್ಲಿ ದಂಡೆಗೆ ಒಯ್ದು ದೋಣಿಗೆ ಸುರಿಯುತ್ತಾರೆ. ರಾತ್ರಿ ಬಾಗಿಲಾಚೆ ಇಟ್ಟರೆ ಕಡಲಹಕ್ಕಿಗಳು ಹರಿದು ಹಾಕುತ್ತವೆ. ಬೀದಿಯಲ್ಲಿ ಗಾಡಿಗಳ ಭಯವಿಲ್ಲದ್ದರಿಂದ ಚಿಕ್ಕ ಮಕ್ಕಳೂ ಬೆನ್ನಿಗೆ ಚೀಲ ಹಾಕಿಕೊಂಡು ತಾವೇ ಶಾಲೆಗೆ ನಡೆದುಹೋಗುವುದು ಕಾಣುತ್ತದೆ. ಸಂಜೆ ಸಾನ್ ಜಾಕೊಮೊ ದಲ್ ಓರಿಯೊದಂಥ ಚೌಕಗಳಲ್ಲಿ ಅದೇ ಮಕ್ಕಳ ಚೆಂಡಾಟ ನಡೆಯುತ್ತದೆ, ಬೆಂಚಿನ ಮೇಲೆ ಅಜ್ಜಿಯರ ಪಂಚಾಯಿತಿ ಸೇರುತ್ತದೆ.

ಇನ್ನು ನೀರು. ಮೇಷ್ಟರ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದು, ಯಾವ ಗೈಡೂ ಇದಕ್ಕೆ ಎರಡು ನಿಮಿಷ ಕೊಡುವುದಿಲ್ಲ. ಅಲ್ಲಿನ ಚೌಕಗಳ ನಡುವೆ, ಕೆಲವು ಹಳೆಯ ಮನೆಗಳ ಅಂಗಳದಲ್ಲಿ ಸಹ, ಸೊಂಟದೆತ್ತರದ ಕಲ್ಲಿನ ಬಾವಿಕಟ್ಟೆ ಇರುತ್ತದೆ. ಬಾಯಿಗೆ ಕಬ್ಬಿಣದ ಮುಚ್ಚಳ. ಫೋಟೊಕ್ಕೆ ಒರಗಿಕೊಳ್ಳಲು ಹೇಳಿ ಮಾಡಿಸಿದ ಹಾಗಿರುವುದರಿಂದ ಎಲ್ಲರೂ ಒರಗಿಕೊಳ್ಳುತ್ತಾರೆ. ನೋಡಬೇಕಾದದ್ದು ಅದರ ಸುತ್ತಲಿನ ನೆಲ. ಕಲ್ಲುಹಾಸು ತುಸುವೇ ಇಳಿಜಾರಾಗಿ ನಾಲ್ಕು ತೂತುಗಲ್ಲುಗಳ ಕಡೆಗೆ ಹೋಗುತ್ತದೆ. ಕೆಳಗೆ ಇರುವುದು ನೆಲದ ಒರತೆಯ ಬಾವಿಯಲ್ಲ, ಮಳೆನೀರಿನ ತೊಟ್ಟಿ. ಚೌಕವನ್ನು ಆಳವಾಗಿ ಅಗೆದು, ಉಪ್ಪುನೀರು ಒಳಗೆ ನುಸುಳದಂತೆ ತಳಕ್ಕೂ ಬದಿಗೂ ಜೇಡಿಮಣ್ಣು ಮೆತ್ತಿ, ಒಳಗೆಲ್ಲ ಮರಳು ತುಂಬಿ, ನಡುವೆ ಇಟ್ಟಿಗೆಯ ಕೊಳವಿ ಕಟ್ಟುತ್ತಿದ್ದರು. ಮಳೆನೀರು ತೂತುಗಲ್ಲಿನಿಂದ ಇಳಿದು, ಮರಳಿನಲ್ಲಿ ಸೋಸಿಕೊಂಡು, ಕೊಳವಿಯೊಳಗೆ ಜಿನುಗಿ ನಿಲ್ಲುತ್ತಿತ್ತು. ಕೊಡ ಇಳಿಸಿ ಸೇದಬೇಕು. ಬಾವಿಗೆ ಬೀಗವಿರುತ್ತಿತ್ತು, ಕೇರಿಯ ಮುಖ್ಯಸ್ಥ ಹೊತ್ತಿಗೆ ಸರಿಯಾಗಿ ತೆಗೆಯುತ್ತಿದ್ದ. ಮಳೆ ಕೈಕೊಟ್ಟ ವರ್ಷ ಬ್ರೆಂತಾ ನದಿಯಿಂದ ದೋಣಿಗಳಲ್ಲಿ ಸಿಹಿನೀರು ತಂದು ಸುರಿಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಥ ಬಾವಿಗಳು ಆರು ಸಾವಿರಕ್ಕೂ ಹೆಚ್ಚಿದ್ದವು. 1884ರಲ್ಲಿ ಮುಖ್ಯಭೂಮಿಯಿಂದ ಕೊಳಾಯಿ ನೀರು ಬಂದ ಮೇಲೆ ಅವುಗಳ ಬಾಯಿ ಮುಚ್ಚಿತು. ಈಗ ಹಲವು ಚೌಕಗಳಲ್ಲಿ ಪುಕ್ಕಟೆ ಕುಡಿಯುವ ನೀರಿನ ನಲ್ಲಿಗಳಿವೆ. ನಿಮ್ಮ ಯಾತ್ರಿಕರಿಗೆ ಒಂದು ಖಾಲಿ ಬಾಟಲಿ ಇಟ್ಟುಕೊಳ್ಳಲು ಹೇಳಿದರೆ ಅವರ ದುಡ್ಡೂ ಉಳಿಯುತ್ತದೆ, ಕಸದ ದೋಣಿಯ ಹೊರೆಯೂ ಇಳಿಯುತ್ತದೆ.

ಒಂದು ಬಾವಿಕಟ್ಟೆಯ ಮುಂದೆ ಹತ್ತು ನಿಮಿಷ ನಿಂತರೆ ಹಿಂದಿನ ವೆನಿಸ್ ಗಣರಾಜ್ಯ ಸಾವಿರ ವರ್ಷ ಹೇಗೆ ಬಾಳಿತು ಎನ್ನುವುದು ಅರಮನೆಯ ಚಿತ್ರಗಳಿಗಿಂತ ಚೆನ್ನಾಗಿ ತಿಳಿಯುತ್ತದೆ ಎಂದು ನನ್ನ ಅಭಿಪ್ರಾಯ. ಕೆಸರಿನಲ್ಲಿ ಮರದ ಗೂಟಗಳನ್ನು ಹೊಡೆದು, ಅದರ ಮೇಲೆ ಇಸ್ತ್ರಿಯಾದಿಂದ ತಂದ ಬಿಳಿಗಲ್ಲು ಹಾಸಿ ಮನೆ ಎಬ್ಬಿಸಿದವರು ಅವರು. ದೊಡ್ಡ ಕಾಲುವೆಯ ಬಾಯಲ್ಲಿರುವ ಸಲೂತೆ ಚರ್ಚಿನ ಅಡಿಯಲ್ಲೇ ಹತ್ತು ಲಕ್ಷಕ್ಕೂ ಮಿಕ್ಕಿ ಗೂಟಗಳಿವೆ ಎನ್ನುತ್ತಾರೆ. ಗಾಳಿ ತಾಗದ ಕೆಸರಿನಲ್ಲಿ ಮರ ಬೇಗ ಕೊಳೆಯುವುದಿಲ್ಲ.

ರಿಯಾಲ್ಟೊ ಸೇತುವೆಯನ್ನು ನೀವು ತೋರಿಸುತ್ತೀರಿ. 1591ರಲ್ಲಿ ಮುಗಿದ ಕಲ್ಲಿನ ಕಮಾನು, ತೋರಿಸಲೇಬೇಕು. ಆದರೆ ಅದರಾಚೆ ನೂರಿನ್ನೂರು ಹೆಜ್ಜೆ ಹೋದರೆ ಸಿಗುವ ಮೀನು ಮಾರುಕಟ್ಟೆಯನ್ನು ಬಿಟ್ಟುಬಿಡುತ್ತೀರಿ. ಮಾಂಸಾಹಾರ ಮುಟ್ಟದವರಿಗೂ ಅಲ್ಲಿ ಒಂದು ನೋಟವಿದೆ. ಗೋಡೆಯಲ್ಲಿ ಒಂದು ಹಳೆಯ ಕಲ್ಲು ಹಲಗೆ ಇದೆ. ಯಾವ ಜಾತಿಯ ಮೀನು ಎಷ್ಟು ಉದ್ದಕ್ಕಿಂತ ಚಿಕ್ಕದಿದ್ದರೆ ಮಾರುವಂತಿಲ್ಲ ಎಂದು ಒಂದೊಂದರ ಹೆಸರಿನ ಮುಂದೆ ಅಳತೆ ಕೆತ್ತಿದ್ದಾರೆ. ಮರಿಗಳನ್ನು ಹಿಡಿದು ಕಡಲು ಬರಿದು ಮಾಡಬೇಡಿ ಎಂಬ ಕಾನೂನು, ಕಲ್ಲಿನಲ್ಲಿ, ವ್ಯಾಪಾರಿಯ ಕಣ್ಣೆದುರಿಗೆ. ಪಕ್ಕದ ತರಕಾರಿ ಸಾಲಿನಲ್ಲಿ ವಸಂತಕಾಲದಲ್ಲಿ ಸಾಂತ್ ಎರಾಸ್ಮೊ ದ್ವೀಪದ ಎಳೆಯ ಪಲ್ಲೆಹೂವುಗಳ (ಆರ್ಟಿಚೋಕ್) ರಾಶಿ ಬಿದ್ದಿರುತ್ತದೆ. ಮಾರುಕಟ್ಟೆ ಬೆಳಿಗ್ಗೆ ಮಾತ್ರ. ಮೀನಿನ ಕಟ್ಟೆಗಳು ಭಾನುವಾರ ಮತ್ತು ಸೋಮವಾರ ಖಾಲಿ. ಕಾರ್ಯಕ್ರಮ ಹಾಕುವಾಗ ಇದನ್ನು ಗಮನಿಸಿ.

ಅದೇ ಸುತ್ತಿನಲ್ಲಿ ಮಸಾಲೆ ವರ್ತಕರ ಹೆಸರಿನ ಓಣಿಯೊಂದಿದೆ, ರೂಗಾ ದೆಯ್ ಸ್ಪೆತ್ಸಿಯೇರಿ. ನಮ್ಮ ಪಶ್ಚಿಮ ಕರಾವಳಿಯ ಕರಿಮೆಣಸು ಅಲೆಕ್ಸಾಂಡ್ರಿಯಾದ ದಾರಿಯಲ್ಲಿ ಬಂದು ಇಳಿಯುತ್ತಿದ್ದ ಊರು ಇದು. 1498ರಲ್ಲಿ ಪೋರ್ಚುಗೀಸರು ಆಫ್ರಿಕಾವನ್ನು ಬಳಸಿ ಕಲ್ಲಿಕೋಟೆ ಮುಟ್ಟಿದಾಗ ಮೊದಲು ಬೆಚ್ಚಿಬಿದ್ದವರೂ ಇಲ್ಲಿನ ವರ್ತಕರೇ. ವಿಜಯನಗರವನ್ನು ಸುಮಾರು 1420ರಲ್ಲಿ ಕಂಡು ವಿವರಿಸಿದ ನಿಕೊಲೊ ಕೊಂತಿ ನಮ್ಮ ಶಾಲಾ ಪಠ್ಯದಲ್ಲಿ ಬರುತ್ತಾನಲ್ಲ, ಅವನು ವೆನಿಸನ್ನು ಸುತ್ತುವರಿದ ಇದೇ ಉಪ್ಪುಕೆರೆಯ (ಲಗೂನ್) ದಕ್ಷಿಣ ತುದಿಯ ಕ್ಯೊಜ್ಜಾದವನು. ಕನ್ನಡ ಯಾತ್ರಿಕರ ಗುಂಪಿಗೆ ಇದನ್ನು ಹೇಳದೆ, ಗಾಜಿನ ಕುದುರೆಗೆ ಎಷ್ಟು ರಿಯಾಯಿತಿ ಎಂದು ಹೇಳುವ ಗೈಡನ್ನು ಎಲ್ಲಿ ಹುಡುಕಿ ತರುತ್ತೀರಿ?

ಗೊಂಡೊಲದ ಮಾತಿಗೆ ಬರುತ್ತೇನೆ, ಏಕೆಂದರೆ ದುಡ್ಡಿನ ಮಾತೂ ಇದರಲ್ಲೇ ಇದೆ. ನಗರಾಡಳಿತ 2023ರ ನವೆಂಬರಿನಿಂದ ಗೊತ್ತುಮಾಡಿದ ದರ ಹಗಲು ಅರ್ಧ ಗಂಟೆಗೆ 90 ಯೂರೊ, ಸಂಜೆ ಏಳರ ಮೇಲೆ 110. ಇದು ಇಡೀ ದೋಣಿಯ ದರ, ತಲೆಗಿಷ್ಟು ಎಂದಲ್ಲ. ಐದು ಜನ ಕೂರಬಹುದು. ನಿಮ್ಮಲ್ಲಿ ಕೆಲವರು 'ಐಚ್ಛಿಕ' ಎಂದು ಬರೆದು ತಲೆಗಿಷ್ಟು ಎಂದು ವಸೂಲಿ ಮಾಡುವಾಗ ಈ ಲೆಕ್ಕವನ್ನೂ ಕೆಳಗೆ ಅಚ್ಚು ಹಾಕಿದರೆ ನಾಲ್ಕು ಜನಕ್ಕೆ ಉಪಕಾರವಾಗುತ್ತದೆ.

ಗೊಂಡೊಲ ಬೇಡ ಎನ್ನುವವಳಲ್ಲ ನಾನು. ಅಂಥ ಕುಶಲದ ದೋಣಿ ಇನ್ನೊಂದಿಲ್ಲ. ಸುಮಾರು ಹನ್ನೊಂದು ಮೀಟರ್ ಉದ್ದ, ಎಂಟು ಬಗೆಯ ಮರ, ಎಡಮಗ್ಗುಲು ಬಲಕ್ಕಿಂತ ಅಗಲ. ಒಬ್ಬನೇ, ಒಂದೇ ಹುಟ್ಟಿನಿಂದ, ಬಲಗಡೆಯಲ್ಲೇ ಹಾಕಿದರೂ ನೇರ ಹೋಗಲಿ ಎಂದು ಬೇಕೆಂದೇ ಹಾಗೆ ಸೊಟ್ಟ ಕಟ್ಟಿದ್ದಾರೆ. ದೊರ್ಸೊದೂರೊ ಭಾಗದ ಸಾನ್ ತ್ರೊವಾಸೊದಲ್ಲಿ ದೋಣಿ ಕಟ್ಟುವ, ರಿಪೇರಿ ಮಾಡುವ ಕಟ್ಟೆ ಇನ್ನೂ ಇದೆ. ಕಾಲುವೆಯ ಈಚೆ ದಡದಲ್ಲಿ ನಿಂತು ನೋಡಲು ಕಾಸು ಬೇಡ. ಮಗುಚಿ ಹಾಕಿದ ದೋಣಿಗಳ ಕಪ್ಪು ಹೊಟ್ಟೆ, ಹಿಂದೆ ಬೆಟ್ಟದ ಸೀಮೆಯದರಂತೆ ಕಾಣುವ ಮರದ ಮನೆ. ಬಡಗಿಗಳೂ ಮರವೂ ಆಲ್ಪ್ಸ್ ಕಡೆಯ ಕದೋರೆಯಿಂದ ಬರುತ್ತಿದ್ದುದರ ಗುರುತು ಅದು.

ಊರಿನವರು ಕೂರುವ ಗೊಂಡೊಲ ಬೇರೆ. ದೊಡ್ಡ ಕಾಲುವೆಗೆ ಇರುವುದು ನಾಲ್ಕೇ ಸೇತುವೆ. ನಡುವೆ ದಾಟಬೇಕಾದವರಿಗೆ ತ್ರಾಗೆತ್ತೊ ಎಂಬ ಕಡವು ದೋಣಿ ಇದೆ. ಅಲಂಕಾರವಿಲ್ಲದ ಅಗಲ ಗೊಂಡೊಲ, ಇಬ್ಬರು ಹುಟ್ಟುಗಾರರು, ಹೊರಗಿನವರಿಗೆ ಎರಡು ಯೂರೊ. ಸಾಂತಾ ಸೊಫಿಯಾದ ಕಡವಿನಲ್ಲಿ ಹತ್ತಿದರೆ ಮೀನು ಮಾರುಕಟ್ಟೆಯ ಎದುರಿಗೇ ಇಳಿಸುತ್ತಾರೆ. ನಾನು ದಾಟಿದ ದಿನ ಒಬ್ಬ ಹೆಂಗಸು ತರಕಾರಿ ಚೀಲ ಹಿಡಿದು ನಿಂತೇ ಇದ್ದಳು, ದೋಣಿ ತೂಗಿದರೂ ಕಂಬಿಗೆ ಕೈಹಾಕದೆ, ಹುಟ್ಟುಗಾರನ ಜೊತೆ ಯಾವುದೋ ವಾಗ್ವಾದ ಮುಂದುವರಿಸುತ್ತ. ಎರಡು ನಿಮಿಷದ ಪ್ರಯಾಣ.

ಊಟದ ಬಗ್ಗೆ ನಿಮ್ಮ ಆತಂಕ ನನಗೆ ಗೊತ್ತು. "ನಮ್ಮವರಿಗೆ ಅನ್ನ ಸಾರು ಇಲ್ಲದಿದ್ದರೆ ಆಗುವುದಿಲ್ಲ" ಎನ್ನುತ್ತೀರಿ. ಒಂದು ಹೊತ್ತು ಬಿಟ್ಟು ನೋಡಿ. ಬಾಕರೊ ಎಂಬ ಸಣ್ಣ ಪಾನಗೃಹಗಳ ಗಾಜಿನ ಪೆಟ್ಟಿಗೆಯಲ್ಲಿ ಚಿಕೆತ್ತಿ ಎಂಬ ತುಣುಕು ತಿನಿಸುಗಳು ಸಾಲಾಗಿ ಇರುತ್ತವೆ. ಬೆರಳು ತೋರಿಸಿ ಕೇಳಿ, ನಿಂತೇ ತಿಂದು, ಮುಂದಿನ ಬಾಕರೊಗೆ ಹೋಗುವುದು ಅಲ್ಲಿನ ಸಂಜೆಯ ಕ್ರಮ. ಮೀನು ತಿನ್ನುವವರಿಗೆ ಬೆಣ್ಣೆಯಂತೆ ನಾದಿದ ಒಣಮೀನಿನ ಮುದ್ದೆ, ಈರುಳ್ಳಿ ವಿನೆಗರಿನಲ್ಲಿ ಊರಿದ ಭೂತಾಯಿ. ಸಸ್ಯಾಹಾರಿಗಳಿಗೆ ಬೇಯಿಸಿದ ಪಲ್ಲೆಹೂವಿನ ತಳ, ಹುರಿದ ತರಕಾರಿ, ಚೀಸಿಟ್ಟ ಬ್ರೆಡ್ಡು. ಒಂದು ಎಚ್ಚರಿಕೆ: ಬೀಗೊಲಿ ಇನ್ ಸಾಲ್ಸಾ ಎಂಬ ಶಾವಿಗೆ ನೋಡಲು ಬರೀ ಈರುಳ್ಳಿಯ ಗೊಜ್ಜಿನ ಹಾಗಿರುತ್ತದೆ, ಆದರೆ ಗೊಜ್ಜಿನಲ್ಲಿ ಮೀನು ಕರಗಿರುತ್ತದೆ. ಬಟಾಣಿ ಅನ್ನಕ್ಕೂ ಹಂದಿಮಾಂಸದ ಚೂರು ಹಾಕುವುದುಂಟು. ಕೇಳಿ ತಿನ್ನಬೇಕು. ಕಾಫಿ ಕಟ್ಟೆಯ ಮುಂದೆ ನಿಂತು ಕುಡಿದರೆ ಅಗ್ಗ, ಕುಳಿತರೆ ದುಬಾರಿ. ಸಾನ್ ಮಾರ್ಕೊ ಚೌಕದಲ್ಲಿ, 1720ರಿಂದ ಇರುವ ಫ್ಲೋರಿಯಾನ್‌ನಂಥ ಕಡೆ, ವಾದ್ಯ ನುಡಿಸುತ್ತಿದ್ದರೆ ಸಂಗೀತಕ್ಕೂ ಬಿಲ್ಲು ಬರುತ್ತದೆ.

ಆ ಚೌಕವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಹೊತ್ತು ಬದಲಿಸಿ ಎನ್ನುತ್ತಿದ್ದೇನೆ. ರಾತ್ರಿ ಹತ್ತರ ಮೇಲೆ, ದಿನದ ದೋಣಿಗಳೆಲ್ಲ ಹೊರಟ ನಂತರ ಹೋದರೆ ಬಸಿಲಿಕಾ ಎಂಬ ಅಲ್ಲಿನ ದೊಡ್ಡ ಚರ್ಚಿನ ಮುಂಬಾಗಿಲ ಮೇಲಿನ ನಾಲ್ಕು ಕುದುರೆಗಳು ಯಾರ ತಲೆಯೂ ಅಡ್ಡ ಬಾರದೆ ಕಾಣುತ್ತವೆ. ಹೊರಗಿರುವುದು ನಕಲು, ಅಸಲು ಒಳಗೆ. ಅಸಲನ್ನು ವೆನಿಸಿನವರು ಕಾನ್‌ಸ್ಟಾಂಟಿನೋಪಲ್ ಕೊಳ್ಳೆ ಹೊಡೆದಾಗ ತಂದರು, ಇವರಿಂದ ನೆಪೋಲಿಯನ್ 1797ರಲ್ಲಿ ಪ್ಯಾರಿಸಿಗೆ ಒಯ್ದ, 1815ರಲ್ಲಿ ಮರಳಿ ಬಂದವು. ಎದುರಿನ ಗಂಟೆಗೋಪುರ 1902ರ ಜುಲೈ 14ರಂದು ಇದ್ದಕ್ಕಿದ್ದಂತೆ ಕುಸಿಯಿತು. ಇದ್ದ ಜಾಗದಲ್ಲೇ, ಇದ್ದ ಹಾಗೆಯೇ ಕಟ್ಟುತ್ತೇವೆಂದು ಹಟ ಹಿಡಿದು 1912ಕ್ಕೆ ಮುಗಿಸಿದರು.

ಈಗ ನಿಮ್ಮ ತಕರಾರುಗಳು. ನೀವು ಹೇಳಲಿರುವುದು ನನಗೆ ಬಾಯಿಪಾಠವಾಗಿದೆ.

ದ್ವೀಪದ ಹೋಟೆಲು ದುಬಾರಿ ಎನ್ನುತ್ತೀರಿ. ನಿಜ. ಸೇತುವೆಗಳ ಮೇಲೆ ಸೂಟ್‌ಕೇಸ್ ಎಳೆಯಲಾಗದು, ಹಿರಿಯರ ಮಂಡಿ ಕೇಳುವುದಿಲ್ಲ ಎನ್ನುತ್ತೀರಿ. ಅದೂ ನಿಜ. ಅದಕ್ಕೇ ಲೀದೊ ಇದೆ. ಕಡಲಿಗೂ ಉಪ್ಪುಕೆರೆಗೂ ನಡುವೆ ಉದ್ದಕ್ಕೆ ಮಲಗಿರುವ ಆ ದ್ವೀಪದಲ್ಲಿ ಡಾಂಬರು ರಸ್ತೆಯಿದೆ, ಕಾರು ಬಸ್ಸು ಓಡಾಡುತ್ತವೆ. ನಿಮ್ಮ ಬಸ್ಸು ಬಂದು ನಿಲ್ಲುವ ತ್ರೊಂಕೆತ್ತೊದಿಂದಲೇ ವಾಹನ ಹೊರುವ ಫೆರಿ ಲೀದೊಗೆ ಹೋಗುತ್ತದೆ. ಲೀದೊದಿಂದ ಸಾನ್ ಮಾರ್ಕೊ ವಾಪೊರೆತ್ತೊದಲ್ಲಿ ಕಾಲು ಗಂಟೆ. ವಾಪೊರೆತ್ತೊ ಎಂದರೆ ಅಲ್ಲಿನ ಸಿಟಿ ಬಸ್ಸು, ನೀರಿನ ಮೇಲೆ. 75 ನಿಮಿಷದ ಟಿಕೆಟ್ಟಿಗೆ 9.50 ಯೂರೊ ಕೇಳುವುದರಿಂದ 25 ಯೂರೊದ ಇಡೀ ದಿನದ ಪಾಸೇ ಲಾಭ. ಒಂದನೇ ನಂಬರಿನ ದೋಣಿ ದೊಡ್ಡ ಕಾಲುವೆಯ ಉದ್ದಕ್ಕೂ ಎಡಬಲ ದಡಗಳಿಗೆ ತಾಗುತ್ತ ಹೋಗುತ್ತದೆ. ಮಂಡಿನೋವಿನವರನ್ನು ಅದರಲ್ಲಿ ಕೂರಿಸಿಬಿಡಿ, ಒಂದು ಮೆಟ್ಟಿಲೂ ಹತ್ತದೆ ಅರಮನೆಗಳ ಇಡೀ ಸಾಲನ್ನು ನೋಡಿ ಬರುತ್ತಾರೆ. ನಡೆಯಬಲ್ಲವರಿಗೆ ಜೂದೆಕ್ಕಾ ದ್ವೀಪದ ಎದುರಿನ ತ್ಸಾತ್ತೆರೆ ದಂಡೆ ಅಗಲವಾಗಿದೆ, ಬಿಸಿಲೂ ಚೆನ್ನಾಗಿ ಬೀಳುತ್ತದೆ.

ಪ್ರವೇಶ ಶುಲ್ಕದ ವಿಷಯವನ್ನು ನೀವೇ ಯಾತ್ರಿಕರಿಗೆ ಬಿಡಿಸಿ ಹೇಳಬೇಕು. 2024ರಲ್ಲಿ 29 ದಿನ, 2025ರಲ್ಲಿ 54 ದಿನ, ಹಗಲು ಬಂದು ಹಗಲೇ ಹೋಗುವವರಿಂದ ನಗರಾಡಳಿತ ಹಣ ಪಡೆಯಿತು. ಮೊದಲ ವರ್ಷ ಐದು ಯೂರೊ, ಮರುವರ್ಷ ಮುಂಚೆ ಕಾಯ್ದಿರಿಸಿದವರಿಗೆ ಐದು, ಕೊನೆಗಳಿಗೆಯಲ್ಲಿ ಬಂದವರಿಗೆ ಹತ್ತು. ಆ ನಗರಸಭೆಯ ಎಲ್ಲೆಯೊಳಗಿನ ಹೋಟೆಲಿನಲ್ಲಿ ತಂಗಿದವರಿಗೆ ಈ ಶುಲ್ಕವಿಲ್ಲ, ಹೆಸರು ನೋಂದಾಯಿಸಿ ವಿನಾಯಿತಿ ಪಡೆಯಬೇಕಷ್ಟೆ. ಲೀದೊ ಆ ಎಲ್ಲೆಯೊಳಗಿದೆ, ಮುಖ್ಯಭೂಮಿಯ ಮೆಸ್ತ್ರೆಯೂ ಇದೆ. ಪಾದುವಾ ಇಲ್ಲ. ಹಗಲಿಗಷ್ಟೇ ಬಂದುಹೋಗುವವರನ್ನು ಕಂಡರೆ ಆ ಊರಿಗೆ ಯಾಕೆ ಬೇಸರ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕೇ? ಗುಂಪಿನಲ್ಲಿ 25ಕ್ಕಿಂತ ಹೆಚ್ಚು ಜನ ಇರಬಾರದು, ಧ್ವನಿವರ್ಧಕ ಬಳಸಬಾರದು ಎಂಬ ನಿಯಮವೂ 2024ರಲ್ಲೇ ಬಂದಿದೆ. ಇಡೀ ಬಸ್ಸನ್ನು ಒಬ್ಬನೇ ಗೈಡಿನ ಹಿಂದೆ ಅಟ್ಟುವ ಕಾಲ ಹೋಯಿತು.

ರಾತ್ರಿ ಉಳಿಯಿರಿ ಎನ್ನುವ ನನ್ನ ಮಾತಿನಲ್ಲೂ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ಔಷಧಿ ಅಂಗಡಿಯ ಫಲಕದ ಅಂಕಿ ಇಳಿಯಲು ಮನೆಗಳೆಲ್ಲ ದಿನಬಾಡಿಗೆಯ ಕೋಣೆಗಳಾದದ್ದೂ ಒಂದು ದೊಡ್ಡ ಕಾರಣ. ಆದ್ದರಿಂದ ನಿಮ್ಮ ಗುಂಪಿಗೆ ಹೋಟೆಲನ್ನೇ ಹಿಡಿಯಿರಿ, ಯಾರದೋ ಸಂಸಾರ ಇರಬೇಕಾಗಿದ್ದ ಮನೆಯನ್ನಲ್ಲ. ನಾನು ಕನ್ನರೇಜೊದಲ್ಲಿ ಇದ್ದದ್ದು ಮನೆಯವರೇ ವಾಸವಿದ್ದ ಮನೆಯ ಒಂದು ಕೋಣೆಯಲ್ಲಿ. ಅಷ್ಟರಿಂದ ಆ ಊರು ಉಳಿಯುತ್ತದೆ ಎಂಬ ಭ್ರಮೆ ನನಗಿಲ್ಲ.

ನೀರೇರುವ ಭಯಕ್ಕೆ ಯಾತ್ರೆ ರದ್ದು ಮಾಡುವವರಿಗೂ ಒಂದು ಮಾತು. 1966ರ ನವೆಂಬರ್ 4ರಂದು 194 ಸೆಂಟಿಮೀಟರ್, 2019ರ ನವೆಂಬರ್ 12ರಂದು 187 ಸೆಂಟಿಮೀಟರ್ ಏರಿ ಊರನ್ನು ಅದ್ದಿದ್ದು ನಿಜ. ಉಪ್ಪುಕೆರೆ ಕಡಲಿಗೆ ತೆರೆಯುವ ಮೂರು ಬಾಯಿಗಳಲ್ಲಿ ಅಳವಡಿಸಿದ 78 ಉಕ್ಕಿನ ತಡೆಬಾಗಿಲುಗಳು 2020ರ ಅಕ್ಟೋಬರಿನಿಂದ ದೊಡ್ಡ ಏರುನೀರನ್ನು ಹೊರಗೇ ತಡೆಯುತ್ತಿವೆ. ಚಿಕ್ಕ ಏರಿಗೆ ಚೌಕದಲ್ಲಿ ಪಾದ ತೋಯಬಹುದು. ತೋಯಲಿ.

ನವೆಂಬರಿನ ಮಾತು ಬಂತಲ್ಲ. ನೀವು ಎಲ್ಲರನ್ನೂ ಏಪ್ರಿಲ್–ಮೇ ತಿಂಗಳಲ್ಲೇ ತುಂಬಿಕೊಂಡು ಹೋಗುತ್ತೀರಿ. ಮಕ್ಕಳ ರಜೆಯ ಕಟ್ಟುಪಾಡಿಲ್ಲದವರು ನಿಮ್ಮ ಪಟ್ಟಿಯಲ್ಲಿ ಎಷ್ಟೋ ಜನ ಇದ್ದಾರೆ. 1630ರಲ್ಲಿ ಬಂದ ಪ್ಲೇಗು ಊರಿನ ಮೂರರಲ್ಲೊಂದು ಪಾಲು ಜನರನ್ನು ಕೊಂಡೊಯ್ದಿತು. ಅದು ತೊಲಗಲೆಂದು ಹೊತ್ತ ಹರಕೆಯೇ ಸಲೂತೆ ಚರ್ಚು. ಪ್ರತಿ ನವೆಂಬರ್ 21ಕ್ಕೆ ದೊಡ್ಡ ಕಾಲುವೆಗೆ ತಾತ್ಕಾಲಿಕ ಸೇತುವೆ ಹಾಕುತ್ತಾರೆ. ಊರಿಗೆ ಊರೇ ನಡೆದು ಬಂದು ಮೇಣದಬತ್ತಿ ಹಚ್ಚುತ್ತದೆ. ಬಾಗಿಲ ಬಳಿ ಬಲೂನು, ಕರಿದ ಸಿಹಿತಿಂಡಿಗಳ ಅಂಗಡಿಗಳು, ಮನೆಯಲ್ಲಿ ಕೋಸು ಹಾಕಿ ಬೇಯಿಸಿದ ಒಣಮಾಂಸ. ಕಾರ್ನಿವಲ್ಲಿನ ಮುಖವಾಡಗಳ ಹಾಗೆ ಅದು ಹೊರಗಿನವರಿಗಾಗಿ ನಡೆಯುವುದಲ್ಲ. ಜುಲೈ ಮೂರನೆಯ ಭಾನುವಾರದ ರೆದೆಂತೋರೆ ಹಬ್ಬವೂ ಅದಕ್ಕಿಂತ ಹಿಂದಿನ ಇನ್ನೊಂದು ಪ್ಲೇಗಿನ ಹರಕೆಯೇ, ಆದರೆ ಹಿಂದಿನ ರಾತ್ರಿಯ ಬಾಣಬಿರುಸು ನೋಡಲು ಜಗತ್ತೇ ಬಂದು ಸೇರುತ್ತದೆ. ನನ್ನ ಆಯ್ಕೆ ನವೆಂಬರು.

ಹೀಗಾಗಿ ಕಾರ್ಯಕ್ರಮ ಇಷ್ಟೇ: ಮಧ್ಯಾಹ್ನ ನಾಲ್ಕರ ಸುಮಾರಿಗೆ ಲೀದೊ. ಸಂಜೆ ಒಂದನೇ ನಂಬರಿನ ದೋಣಿಯಲ್ಲಿ ದೊಡ್ಡ ಕಾಲುವೆ. ರಾತ್ರಿ ಸಾನ್ ಮಾರ್ಕೊ. ಮರುದಿನ ಬೆಳಿಗ್ಗೆ ಪ್ರತಿಯೊಬ್ಬರ ಕೈಗೂ ದೋಣಿಯ ಪಾಸು, ಹೋಟೆಲಿನ ವಿಳಾಸ ಬರೆದ ಚೀಟಿ ಕೊಟ್ಟು ಮಧ್ಯಾಹ್ನ ಒಂದಕ್ಕೆ ದೋಣಿಕಟ್ಟೆಯಲ್ಲಿ ಸೇರಿ ಎಂದು ಬಿಟ್ಟುಬಿಡಿ. ದಾರಿ ತಪ್ಪುತ್ತಾರೆ ಎಂದು ಹೆದರಬೇಡಿ. ಅಲ್ಲಿನ ಮನೆ ನಂಬರುಗಳು ಬೀದಿಯ ಲೆಕ್ಕದಲ್ಲಿಲ್ಲ, ಊರಿನ ಆರು ಭಾಗಗಳ ಲೆಕ್ಕದಲ್ಲಿ ಸಾವಿರಗಟ್ಟಲೆ ಓಡುತ್ತವೆ, ಅಂಚೆಯವನನ್ನು ಬಿಟ್ಟರೆ ಎಲ್ಲರೂ ತಪ್ಪುತ್ತಾರೆ. ಆದರೆ ಓಣಿಯ ಮೂಲೆಮೂಲೆಯಲ್ಲಿ ರಿಯಾಲ್ಟೊ, ಸಾನ್ ಮಾರ್ಕೊ, ರೈಲುನಿಲ್ದಾಣ ಎಂದು ಹಳದಿ ಫಲಕಗಳಿವೆ, ಅವನ್ನು ಹಿಡಿದರೆ ಯಾವುದಾದರೂ ದೋಣಿಕಟ್ಟೆಗೆ ಬಂದೇ ಬರುತ್ತಾರೆ.

ಹೆಚ್ಚುವರಿ ಹಣ ಎಷ್ಟಾಗುತ್ತದೆಂದು ಲೆಕ್ಕ ಹಾಕಿ ಮುಚ್ಚುಮರೆಯಿಲ್ಲದೆ ಕೇಳಿ. ಗಾಜಿನ ಮಳಿಗೆಯ ಭೇಟಿಯನ್ನು ಕೈಬಿಟ್ಟರೆ ನಿಮಗೆ ಬರುವ ಕಮಿಷನ್ ತಪ್ಪುತ್ತದೆ ಎಂಬುದಾದರೆ ಅದನ್ನೂ ಸೇರಿಸಿಯೇ ಕೇಳಿ, ಕೊಡುವವರಿದ್ದಾರೆ. ನವೆಂಬರ್ 21ಕ್ಕೆ ಹೊಂದುವಂತೆ ಯಾರಾದರೂ ಒಂದು ತಂಡ ಹೊರಡಿಸುವುದಾದರೆ, ನನ್ನದೂ ನನ್ನ ತಂಗಿಯದೂ ಎರಡು ಸೀಟು ಈಗಲೇ ಬರೆದುಕೊಳ್ಳಿ. ಮುಂಗಡಕ್ಕೆ ನಾವು ಸಿದ್ಧ.

ಇತಿ,
ನಿಮ್ಮ ಕರಪತ್ರಗಳ ಖಾಯಂ ಓದುಗಾರ್ತಿ